ನಾಯಿ ಕೊರಳಿಗೆ ಕಣಗಲೆ ಹಾರ

ಬನ್ನಿ, ಒಸಿ ಕಾಲು ನೀಡ್ಕೊಂಡು ಕೂತ್ಕೊಳಿ, ಒಂದು ನಾಯಿ ಕತೆ ಹೇಳ್ತೀನಿ. ರಾಮನಗರದ ಪಕ್ಕ ನಮ್ಮೂರ ಹೊಲದಲ್ಲಿ ಫ್ಯಾಕ್ಟರಿ ಎದ್ದಾಗ ನಾನು ಅಲ್ಲಿ ಕಸ ಗುಡಿಸ್ತಿದ್ದೆ. ಆಯುಧಪೂಜೆ ದಿನ ಮೆಷಿನ್ನು, ಲಾರಿ ಎಲ್ಲಕ್ಕೂ ಹಾರ ಹಾಕಿದ ಸೂಪರ್‌ವೈಸರ್ ಶಿವಣ್ಣ, ಫ್ಯಾಕ್ಟರಿ ಸಾಹೇಬ್ರನ್ನ ಮೆಚ್ಚಿಸೋಕೆ ಅವರ ನಾಯಿ ಕೊರಳಿಗೂ ಬೇಲಿ ಕಣಗಲೆ ಹೂವಿನ ಹಾರ ಹಾಕ್ಬುಟ್ಟ.

"ತೆಗಿ ಶಿವಣ್ಣ, ಅದು ವಿಷ. ಮೇಕೆನೂ ಬಾಯಿ ಹಾಕಲ್ಲ" ಅಂದೆ.

"ದೇವ್ರಿಗೆ ಆಗೋದು ನಾಯಿಗೆ ಆಗಲ್ವಾ ಅಜ್ಜಿ?"

"ದೇವ್ರು ಹಾರ ತಿನ್ನಲ್ಲ ಕಣಪ್ಪ."

ಅವನು ನಕ್ಕ. ಮಂಗಳಾರತಿ ಮುಗಿಯೋದ್ರೊಳಗೆ ನಾಯಿ ಅರ್ಧ ಹಾರ ಅಗಿದು, ಜೊಲ್ಲು ಸುರಿಸಿ, ವಾಂತಿ ಮಾಡಿ ಮಲಗಿಬುಡ್ತು.

"ಇದು ಸತ್ರೆ ನನ್ನ ಕೆಲಸ ಹೋಯ್ತದೆ ಅಜ್ಜಿ" ಅಂತ ಶಿವಣ್ಣ ಅತ್ತ.

"ಅಳೋದು ಆಮೇಲೆ, ಮೊದ್ಲು ದನದ ಆಸ್ಪತ್ರೆಗೆ ಓಡು" ಅಂದೆ.

ಲಾರಿಗೆ ಹತ್ತಿಸ್ಕೊಂಡು ಹೊರಟ. ಆ ಅವಸರದಲ್ಲೂ ಚಕ್ರದಡಿ ನಿಂಬೆಹಣ್ಣು ಇಡೋದು ಮರೀಲಿಲ್ಲ.

ನಾಯಿ ಬದುಕ್ತು, ಆಮೇಲೆ ಸಾಹೇಬ್ರಿಗೆ ವರ್ಗ ಆದಾಗ ಅವರ ಜೊತೆ ಪುಣೆಗೂ ಹೋಯ್ತು. ನಾಯಿ ಜೀವ ಉಳಿಸಿದ ಅಂತ ಶಿವಣ್ಣನಿಗೆ ಶಾಲು ಹೊದಿಸಿ ಬಡ್ತಿ ಕೊಟ್ರು. ಶಿಕ್ಷೆ ಆಗಿದ್ದು ಕಣಗಲೆಗೆ ಮಾತ್ರ. ಬೇಲಿನೇ ಬೇರುಸಮೇತ ಕಿತ್ತಾಕಿದ್ರು. ಅದನ್ನ ಗುಡಿಸಿದವಳು ನಾನು.