ಮಿನರ್ವಾಳ ಬರಿಗೈ

ಊಟ ಮುಗಿಸಿ ಏಳುವ ಮುಂಚೆ ಮಿನರ್ವಾ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಅಂಗೈ ತೋರಿಸುತ್ತಿದ್ದಳು, ಮಗುಚಿ ಹಿಂಗೈ ತೋರಿಸುತ್ತಿದ್ದಳು, ಆಮೇಲೆ ಏಳುತ್ತಿದ್ದಳು. ಅದನ್ನು ಕಂಡರೆ ತಾಯಿ ಚೋಲೆಂಗ್‌ಗೆ ಮೈ ಉರಿಯುತ್ತಿತ್ತು.

"ನೀನು ಮೀನು ಕದ್ದಿದ್ದೀಯ ಅಂತ ಇಲ್ಲಿ ಯಾರಾದ್ರೂ ಅಂದ್ರಾ?"

"ಕೈ ತಾನಾಗೇ ಹೋಗುತ್ತೆ, ನಾನಾಯ್." ತಾಯಿಯನ್ನು ಅವರ ಕೇರಿಯಲ್ಲಿ ಎಲ್ಲರೂ ಹಾಗೆಯೇ ಕರೆಯುವುದು.

"ಹೋದ ಭಾನುವಾರ ಚರ್ಚಲ್ಲೂ ಹೋಯ್ತು. ಪಾದ್ರಿಗಳು ಪ್ರಸಾದ ಕೊಟ್ರು, ನೀನು ಕೈ ತಿರುಗಿಸಿ ತಿರುಗಿಸಿ ತೋರಿಸ್ದೆ. ಹಿಂದೆ ನಿಂತಿದ್ದ ಪಕ್ಕದ್ಮನೆ ಪಾಸಿಂಗ್ ನಕ್ಕು ನಕ್ಕು ಕೆಮ್ಮು ಹತ್ತಿಸ್ಕೊಂಡ್ಳು."

ಅದು ಕೆಲಸದಿಂದ ಬಂದ ಚಾಳಿ. ನವೋತಾಸ್‌ನ ಮೀನುಕೇರಿಯಿಂದ ಎರಡು ಜೀಪ್ನಿ ಬಸ್ಸು ಬದಲಾಯಿಸಿ ಅವಳು ಪಾಸಾಯ್ ಕಡೆಗೆ ಹೋಗುತ್ತಿದ್ದಳು. ಅಲ್ಲಿ ಕಿಟಕಿಯೇ ಇಲ್ಲದ ಕಟ್ಟಡವೊಂದರಲ್ಲಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಕ್ಯಾಮೆರಾದ ಮುಂದೆ ನಿಂತು ಇಸ್ಪೀಟೆಲೆ ಹಂಚುವುದು ಅವಳ ಕೆಲಸ. ಎದುರಿಗೆ ಒಬ್ಬರೂ ಇರುವುದಿಲ್ಲ. ಆಡುವವರೆಲ್ಲ ಬೇರೆ ಬೇರೆ ದೇಶಗಳಲ್ಲಿ ತಮ್ಮ ತಮ್ಮ ಫೋನು ಹಿಡಿದು ಕೂತಿರುತ್ತಾರೆ. ಫಿಲಿಪೀನ್ಸಿನ ಒಳಗಿನಿಂದ ಮಾತ್ರ ಆ ಆಟ ತೆರೆಯುವುದೇ ಇಲ್ಲ. ಅರ್ಧ ಗಂಟೆಗೊಮ್ಮೆ ಇನ್ನೊಬ್ಬಳು ಹಿಂದಿನಿಂದ ಬಂದು ಭುಜ ಮುಟ್ಟಬೇಕು, ಮುಟ್ಟಿದ ಮೇಲೆ ಕೈ ತೋರಿಸಬೇಕು. ಒಂದು ಎಲೆಯನ್ನೂ ಒಯ್ಯುತ್ತಿಲ್ಲ ಎಂದು ಕ್ಯಾಮೆರಾಕ್ಕೆ ಕಂಡ ಮೇಲೆಯೇ ಮೇಜು ಬಿಡಬಹುದು. ಹಾಕಿಕೊಂಡ ಅಂಗಿಗೆ ಜೇಬಿಲ್ಲ. ಫೋನು ಬೀಗ ಹಾಕಿದ ಕಪಾಟಿನಲ್ಲಿ. ಅವಳ ಹೆಸರನ್ನೂ ಅದೇ ಕಪಾಟಿನಲ್ಲಿಟ್ಟು ಬಂದ ಹಾಗೆ, ಮೇಜಿನ ಮುಂದೆ ಅವಳು ಆಲಿಸ್. ಒಪ್ಪಂದ ಮುಂದಿನ ವರ್ಷದ ಸೆಪ್ಟೆಂಬರ್‌ವರೆಗೆ ಇತ್ತು.

ಒಂದು ಮಧ್ಯಾಹ್ನ ಹೊಗೆಗೂಡಿಗೆ ಹಾಕುವ ಮೀನುಗಳನ್ನು ಬಿದಿರು ತಟ್ಟೆಯಲ್ಲಿ ಜೋಡಿಸುತ್ತ ಚೋಲೆಂಗ್ ಕೇಳಿದಳು: "ಅಷ್ಟು ಜನ ಒಂದೇ ಮೇಜಲ್ಲಿ ಹೆಂಗೆ ಆಡ್ತಾರೆ?"

ಮಿನರ್ವಾ ಎರಡು ಮೀನನ್ನು ತಾಯಿಯ ಮುಂದಿಟ್ಟಳು, ಒಂದನ್ನು ತನ್ನ ಮುಂದೆ. "ಇವೆರಡು ಎಲ್ಲರಿಗೂ ಸೇರಿದ ಎಲೆ. ಇದು ನಂದು. ಇನ್ನೂ ಎಲೆ ಬೇಕಾ ಸಾಕಾ ಅಂತ ಒಬ್ಬೊಬ್ರೂ ಅವರವರೇ ಹೇಳ್ತಾರೆ. ಇಪ್ಪತ್ತೊಂದರ ಹತ್ರ ಬರ್ಬೇಕು, ದಾಟ್ಬಾರ್ದು. ನನಗಿಂತ ಹತ್ರ ಬಂದೋರು ಗೆದ್ರು."

"ಇಷ್ಟೇನಾ? ಇದನ್ನ ನಿಮ್ಮಪ್ಪ ದೋಣಿ ಮೇಲೂ ಆಡ್ತಿದ್ದ."

"ಪಕ್ಕದ ಪಣ ಅಂತ ಬೇರೆ ಇದೆ. ಮೊದಲ ಎರಡೆಲೆ ಜೋಡಿ ಬಿದ್ರೆ, ಅಂದ್ರೆ ಎರಡು ರಾಣಿನೋ ಎರಡು ಐದೋ ಬಿದ್ರೆ, ಅದಕ್ಕೆ ಬೇರೆ ದುಡ್ಡು. ಈ ಎರಡಕ್ಕೆ ನನ್ನ ಒಂದೆಲೆ ಸೇರಿಸಿ ಮೂರೂ ಒಂದೇ ಜಾತಿಯಾದ್ರೆ, ಇಲ್ಲಾ ಸಾಲಾಗಿ ಬಂದ್ರೆ, ಅದಕ್ಕೂ ಬೇರೆ. ಆಟ ಸೋತ್ರೂ ಪಕ್ಕದ ಪಣ ಗೆಲ್ಲಬಹುದು."

"ಮನೆ ಸುಟ್ರೂ ಸೌದೆ ಉಳೀತು ಅನ್ನೋ ಲೆಕ್ಕ."

"ಇನ್ನೂ ಕೇಳು. ನಾನು ಎಲೆ ಹಾಕೋಕೆ ಮುಂಚೆ ತೆರೆ ಮೇಲೆ ಮಿಂಚು ಹೊಡೆಯುತ್ತೆ. ಹದಿನೆಂಟರಲ್ಲಿ ಗೆದ್ರೆ ಮೂರು ಪಟ್ಟು, ಇಪ್ಪತ್ತರಲ್ಲಿ ಗೆದ್ರೆ ಎಂಟು ಪಟ್ಟು, ಹೀಗೆ ಒಂದೊಂದಕ್ಕೆ ಒಂದೊಂದು. ಆದ್ರೆ ಆ ಪಟ್ಟು ಈ ಆಟಕ್ಕಲ್ಲ, ಮುಂದಿನ ಆಟಕ್ಕೆ. ಈಗ ಗೆದ್ರೆ ಬರೀ ಗೆದ್ದಷ್ಟು. ಮುಂದಿನ ಸಲವೂ ಗೆದ್ರೆ ಅದರ ಎಂಟು ಪಟ್ಟು. ಸೋತ್ರೆ ಪಟ್ಟೂ ಹೋಯ್ತು. ಸಮ ಆದ್ರೆ ಹಾಗೇ ಇರುತ್ತೆ. ಇದಕ್ಕೆಲ್ಲ ಶುಲ್ಕ ಇದೆ, ನೂರು ಆಡೋರು ಇನ್ನೊಂದು ನೂರು ಮೊದಲೇ ಕೊಡ್ಬೇಕು. ಅದು ವಾಪಸ್ ಬರಲ್ಲ."

ಚೋಲೆಂಗ್ ಮೀನು ಜೋಡಿಸುವುದನ್ನು ನಿಲ್ಲಿಸಿದಳು. ಅವಳು ನಲವತ್ತೊಂದು ವರ್ಷ ಬೆಸ್ತನ ಹೆಂಡತಿಯಾಗಿದ್ದವಳು. "ಹಂಗಾದ್ರೆ ಗೆದ್ದೋನು ಎದ್ದು ಹೋಗೋಕೆ ಆಗಲ್ಲ."

"ಹೋಗಬಹುದು. ಪಟ್ಟು ನೂರ ಎಂಬತ್ತು ದಿನ ಅವನ ಹೆಸರಲ್ಲಿ ಕಾಯ್ತಾ ಇರುತ್ತೆ."

"ಅದನ್ನೇ ನಾನು ಹೇಳಿದ್ದು. ನಿಮ್ಮಪ್ಪ ಗಾಳ ಹಾಕ್ತಿದ್ದ. ಇಲ್ಲಿ ಗಾಳದ ದುಡ್ಡನ್ನೂ ಮೀನೇ ಕೊಡುತ್ತೆ."

ಅಪ್ಪ ಸತ್ತು ಆಗಸ್ಟ್ ಹದಿನಾಲ್ಕಕ್ಕೆ ವರ್ಷ ತುಂಬುತ್ತಿತ್ತು. ಆ ದಿನ ಪೂಜೆ ಮಾಡಿಸಿ, ಕೇರಿಗೆ ಊಟ ಹಾಕಿ, ಹೆಂಡತಿ ಕಪ್ಪು ಬಟ್ಟೆ ತೆಗೆದು ಬಣ್ಣದ್ದು ಉಡಬೇಕು. ಚೋಲೆಂಗ್ ಮೊದಲೇ ಹೇಳಿಬಿಟ್ಟಿದ್ದಳು: ದೊಡ್ಡ ಮಗ ರೊಹೆಲ್ ಬಂದು ಪಕ್ಕದಲ್ಲಿ ನಿಲ್ಲುವವರೆಗೆ ಕಪ್ಪು ತೆಗೆಯುವುದಿಲ್ಲ. ರೊಹೆಲ್ ತೈವಾನಿನ ತೈಚುಂಗ್‌ನಲ್ಲಿ ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಇದ್ದ. ಅಪ್ಪನ ಮಣ್ಣಿಗೆ ರಜೆ ಸಿಕ್ಕಿರಲಿಲ್ಲ. ಈ ಸಲ ಬರುತ್ತೇನೆ, ಬಂದರೆ ಮತ್ತೆ ಹೋಗುವುದಿಲ್ಲ, ಎರಡು ಹೊಗೆಗೂಡು ಕಟ್ಟಿ ನಾನಾಯ್ ಜೊತೆ ಮೀನಿನ ಕೆಲಸವನ್ನೇ ಮಾಡುತ್ತೇನೆ ಎಂದು ಪ್ರತಿ ಭಾನುವಾರ ಫೋನಿನಲ್ಲಿ ಮುಖ ತೋರಿಸಿ ಹೇಳುತ್ತಿದ್ದ. ಮಾತು ಮುಗಿಸುವಾಗ ತಂಗಿಯನ್ನು ಅಣಕಿಸಿ ಎರಡೂ ಕೈ ತೋರಿಸುತ್ತಿದ್ದ, ಅಂಗೈ, ಹಿಂಗೈ. "ನಾನೇನೂ ಕದ್ದಿಲ್ಲ ಬುನ್ಸೋ, ಹೊರಟೆ." ಕೊನೆಯ ಕೂಸನ್ನು ಅವರಲ್ಲಿ ಬುನ್ಸೋ ಅನ್ನುತ್ತಾರೆ. ಅವಳಿಗೆ ಮೂವತ್ತನಾಲ್ಕಾದರೂ ಅವನಿಗೆ ಅವಳು ಬುನ್ಸೋ.

ಜೂನ್ ತಿಂಗಳ ಒಂದು ಬೆಳಿಗ್ಗೆ ಮೇಜಿನ ಮುಂದಿನ ತೆರೆಯಲ್ಲಿ ಹೊಸ ಹೆಸರೊಂದು ಬಂತು: ಎಸ್ತ್ರೆಲ್ಯಾ 58. ಬಂದವರನ್ನು ಹೆಸರು ಹಿಡಿದು ಸ್ವಾಗತಿಸುವುದು ನಿಯಮ. ಮಿನರ್ವಾಳ ಬಾಯಿ ಅರ್ಧದಲ್ಲಿ ನಿಂತಿತು. ಎಸ್ತ್ರೆಲ್ಯಾ ಅಪ್ಪನ ದೋಣಿ. ಐವತ್ತೆಂಟು ಅದರ ಮೂತಿಗೆ ಬಿಳಿ ಬಣ್ಣದಲ್ಲಿ ಬರೆದಿದ್ದ ಅಂಕಿ.

"ಸ್ವಾಗತ, ಎಸ್ತ್ರೆಲ್ಯಾ," ಎಂದಳು, ಕಲಿಸಿಕೊಟ್ಟ ನಗುವಿನಲ್ಲಿ.

ಕೆಳಗೆ ಅವನ ಅಕ್ಷರ ಓಡಿತು: "ಆಲಿಸ್ ಮೇಡಂ ಇವತ್ತು ಚೆನ್ನಾಗಿ ಕಾಣ್ತಾರೆ."

ಎರಡು ಗಂಟೆಗೆ ಕಪಾಟು ತೆರೆದವಳೇ ಅಣ್ಣನಿಗೆ ಫೋನು ಮಾಡಿದಳು. "ಕುಯಾ, ಬಿಟ್ಟು ಹೋಗು. ಸಂಬಂಧಿಕರು ನನ್ನ ಮೇಜಲ್ಲಿ ಆಡೋ ಹಾಗಿಲ್ಲ."

"ನಾನು ಆಡೋಕೆ ಬಂದಿದ್ದಲ್ಲ ಬುನ್ಸೋ. ನಿನ್ನ ನೋಡೋಕೆ ಬಂದೆ. ಭಾನುವಾರ ಹತ್ತು ನಿಮಿಷ ಸಿಗ್ತೀಯ. ಇಲ್ಲಿ ದಿನಾ ಸಿಗ್ತೀಯ."

"ನೋಡೋಕೆ ದುಡ್ಡು ಯಾಕೆ ಹಾಕ್ಬೇಕು?"

"ಹಾಕ್ದೆ ಇದ್ರೆ ಸ್ವಲ್ಪ ಹೊತ್ತಿಗೆ ಹೊರಗೆ ಹಾಕ್ತಾರೆ. ನೀನೇ ಹೇಳಿದ್ದಲ್ವಾ?"

ಹೌದು, ಅವಳೇ ಹೇಳಿದ್ದಳು. ಆಮೇಲೆ ಅವನು ರಾತ್ರಿಪಾಳಿ ಮುಗಿಸಿ ದಿನಾ ಬೆಳಿಗ್ಗೆ ಬಂದ. ಅವಳು ದಿನಾ ಅಪ್ಪನ ದೋಣಿಯ ಹೆಸರು ಹಿಡಿದು ಸ್ವಾಗತಿಸಿದಳು. ಮೊದಮೊದಲು ಹತ್ತು ಇಪ್ಪತ್ತು ಆಡಿದ. ಆಮೇಲೆ ನೋಡಲು ಬಂದದ್ದು ಮರೆತುಹೋಯಿತು. ಫೋನಿನಲ್ಲಿ ಅವನ ಮಾತೂ ಬದಲಾಯಿತು. "ಐದು ಪಟ್ಟು ಇಟ್ಕೊಂಡು ಎದ್ದು ಹೋಗು ಅಂತೀಯಲ್ಲ. ಕೈಗೆ ಬಂದಿದ್ದನ್ನ ಬಿಟ್ಟು ಹೋಗೋದಾ?"

"ಕೈಗೆ ಬಂದಿಲ್ಲ ಕುಯಾ. ಅದು ಬರೋದು ಮುಂದಿನ ಸಲ ಗೆದ್ರೆ."

"ಅದಕ್ಕೇ ಮುಂದಿನ ಸಲ ಆಡ್ತಿರೋದು."

ಮೇಲಿನವರಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ವಿಚಾರಣೆ ಮುಗಿಯುವವರೆಗೆ ಅವನ ಖಾತೆಗೆ ಬೀಗ, ಒಳಗಿದ್ದ ದುಡ್ಡಿಗೂ ಬೀಗ, ತಿಂಗಳುಗಟ್ಟಲೆ. ಅಷ್ಟರಲ್ಲಿ ಆಗಸ್ಟ್ ಕಳೆದುಹೋಗಿರುತ್ತದೆ. ಹೇಳದಿದ್ದರೆ, ಅವನು ಸೋಲುವ ಎಲೆಯನ್ನು ಪೆಟ್ಟಿಗೆಯಿಂದ ಎಳೆದು ಹಾಕುವ ಕೈ ಅವಳದೇ. ಬೇರೆ ಮೇಜಿಗೆ ಹಾಕಿ ಎಂದು ಕೇಳಿಯೂ ನೋಡಿದಳು. ಮೇಲ್ವಿಚಾರಕ ಬೊಯೆತ್, "ಯಾಕೆ ಆಲಿಸ್, ಈ ಮೇಜಿಗೆ ಹಲ್ಲಿದೆಯಾ?" ಎಂದು ನಕ್ಕು ಹೋದ.

ಜುಲೈ ಇಪ್ಪತ್ತೊಂಬತ್ತು, ಬೆಳಿಗ್ಗೆ ಹತ್ತೂವರೆ. ಎಸ್ತ್ರೆಲ್ಯಾ 58 ಇಪ್ಪತ್ತೊಂದರಲ್ಲಿ ಒಂದು ಆಟ ಗೆದ್ದ. ಆ ಸಲ ಇಪ್ಪತ್ತೊಂದಕ್ಕೆ ಬಿದ್ದಿದ್ದು ಹನ್ನೆರಡು ಪಟ್ಟು. ಮುಂದಿನ ಆಟಕ್ಕೆ ಪಣ ಕಟ್ಟುವ ಹದಿನೈದು ಸೆಕೆಂಡು ಓಡುತ್ತಿದ್ದಾಗ ಅವನ ಅಕ್ಷರ ಬಂತು: "ಮೇಡಂ, ಮನೆಗೆ ಹೋಗೋ ಟಿಕೆಟ್ ದುಡ್ಡು ಪೂರ್ತಿ ಇಟ್ಟೆ. ಹನ್ನೆರಡು ಪಟ್ಟು ಬಂದ್ರೆ ಹೊಗೆಗೂಡು ಎರಡಲ್ಲ, ಆರು."

ಗಂಟೆ ಬಾರಿಸಿತು. ಇನ್ನು ಯಾರೂ ಪಣ ಹಿಂದೆ ತೆಗೆಯುವಂತಿಲ್ಲ. ಅವಳ ಕೈ ಹಂಚಿತು. ಆಡುವವರಿಗೆ ಆಟೀನ್ ಆರು. ತನಗೆ ಕಳಾವರ್ ರಾಜ. ಆಡುವವರಿಗೆ ಇಸ್ಪೀಟ್ ಹತ್ತು. ಹದಿನಾರು. ರಾಜನಿಗೂ ಹತ್ತೇ ಲೆಕ್ಕ; ಅವಳ ಹತ್ತರ ಎದುರಿಗೆ ಹದಿನಾರು. ಅದಕ್ಕಿಂತ ಕೆಟ್ಟದ್ದು ಈ ಆಟದಲ್ಲಿ ಇಲ್ಲ. ಇನ್ನೊಂದು ಎಲೆ ಕೇಳಿದರೆ ದಾಟಿಹೋಗುವ ಭಯ, ಕೇಳದಿದ್ದರೆ ಸೋಲುವ ಭಯ. ಜೋಡಿ ಬಿದ್ದಿರಲಿಲ್ಲ, ಮೂರು ಎಲೆ ಒಂದೇ ಜಾತಿಯೂ ಅಲ್ಲ, ಸಾಲೂ ಅಲ್ಲ. ಪಕ್ಕದ ಪಣ ಕಟ್ಟಿದವರಿಗೂ ಏನೂ ಬಂದಿರಲಿಲ್ಲ. ಮೇಜಿಗೆ ಕಣ್ಣಿಟ್ಟು ಕೂತ ಸಾವಿರಾರು ಜನರಲ್ಲಿ ಆ ಆಟ ಉಳಿಯಲಿ ಎಂದುಕೊಳ್ಳುವವರು ಇದ್ದಿರಲಾರರು. ಇಷ್ಟನ್ನೂ ಅವಳು ಒಂದು ಉಸಿರಿನಲ್ಲಿ ನೋಡಿದಳು. ಏಳು ತಿಂಗಳಿಂದ ನೋಡಿ ನೋಡಿ ಕಣ್ಣು ಪಳಗಿತ್ತು.

ಆಮೇಲೆ ಎಲೆಪೆಟ್ಟಿಗೆಯಿಂದ ಕೈ ತೆಗೆದಳು. ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದಳು. ಕ್ಯಾಮೆರಾವನ್ನೇ ನೋಡುತ್ತ ಅಂಗೈ ತೋರಿಸಿದಳು, ಹಿಂಗೈ ತೋರಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಆಟದ ನಡುವೆ ಮೇಜು ಬಿಟ್ಟರೆ ಆ ಆಟ ರದ್ದು. ಪಣವೂ ಶುಲ್ಕವೂ ಎಲ್ಲರಿಗೂ ವಾಪಸ್. ಹೊಸ ಎಂಟು ಕಟ್ಟು ಎಲೆ ತಂದು ತುಂಬುವವರೆಗೆ ಮೇಜು ಮುಚ್ಚಿರುತ್ತದೆ. ತೆರೆಯ ಮೇಲೆ ಕೊನೆಯದಾಗಿ ಓಡಿದ್ದು ಎಸ್ತ್ರೆಲ್ಯಾನ ಒಂದೇ ಮಾತು: "ಬುನ್ಸೋ?" ಅಷ್ಟರಲ್ಲಿ ಬೊಯೆತ್ ಓಡಿ ಬಂದ.

"ಆಲಿಸ್, ಏನಾಯ್ತು?"

"ಭುಜ ಮುಟ್ಟಿದ ಹಾಗಾಯ್ತು, ಸರ್."

"ಯಾರೂ ಮುಟ್ಟಿಲ್ಲ."

"ಮುಟ್ಟಿದ ಹಾಗಾಯ್ತು."

ಕ್ಯಾಮೆರಾ ಹಿಡಿದಿಟ್ಟ ಚಿತ್ರವನ್ನು ಮೇಲಿನವರು ಆರು ಸಲ ಹಾಕಿ ನೋಡಿದರಂತೆ. ಚಾಳಿಯೋ ಬೇಕೆಂದು ಮಾಡಿದ್ದೋ ಎಂದು ಯಾರಿಗೂ ಹೇಳಲು ಬರಲಿಲ್ಲ. ಊಟದ ಮನೆಯಲ್ಲಿ ಅವಳು ತಟ್ಟೆಯ ಮುಂದೆ ಕೈ ತಿರುಗಿಸುವುದನ್ನು ಎಲ್ಲರೂ ನೋಡಿದ್ದರು, ಅದು ಅವಳನ್ನು ಉಳಿಸಿತು. ಕೆಲಸದಿಂದ ತೆಗೆಯಲಿಲ್ಲ, ಕ್ಯಾಮೆರಾದ ಮುಂದಿನಿಂದ ತೆಗೆದರು. ಎಲೆ ಕಲಸುವ ಕೋಣೆಗೆ ಹಾಕಿದರು. ದಿನಕ್ಕೆ ನಲವತ್ತು ಪೆಟ್ಟಿಗೆ, ಪೆಟ್ಟಿಗೆಗೆ ನಾನೂರ ಹದಿನಾರು ಎಲೆ. ಎಲ್ಲವನ್ನೂ ಮೇಜಿನ ಮೇಲೆ ಸುರಿದು ಅಂಗೈಯಿಂದ ಗಿರಗಿರ ಕಲಸಿ, ಎಣಿಸಿ, ಮುಚ್ಚುವುದು. ಅಲ್ಲಿ ಮಾತಾಡಲು ಸಹ ಯಾರೂ ಇಲ್ಲ. ಬಾಗಿಲು ದಾಟುವಾಗ ಚಾವಣಿಯ ಕ್ಯಾಮೆರಾಕ್ಕೆ ಕೈ ತೋರಿಸಬೇಕು. ಒಪ್ಪಂದದ ದಿನಗಳು ಮಾತ್ರ ಅಷ್ಟೇ ಇದ್ದವು.

ರೊಹೆಲ್ ಬಂದ. ಮೇಜು ಮುಚ್ಚಿದ್ದ ಆ ಇಪ್ಪತ್ತು ನಿಮಿಷದಲ್ಲೇ ದುಡ್ಡು ಹೊರಗೆಳೆದು ಟಿಕೆಟ್ ಕೊಂಡಿದ್ದ. ಆಗಸ್ಟ್ ಹದಿನಾಲ್ಕರಂದು ತಾಯಿಯ ಪಕ್ಕ ನಿಂತ. ಕೇರಿಗೆಲ್ಲ ಅನ್ನ, ಹಂದಿ ಸಾರು, ನೂಡಲ್ಸು. ಚೋಲೆಂಗ್ ಒಳಗೆ ಹೋಗಿ ಕಪ್ಪು ರವಿಕೆ ತೆಗೆದು, ಹಳದಿ ಹೂವಿನ ಅಂಗಿ ಹಾಕಿ ಬಂದಳು. ಪಾಸಿಂಗ್ ಅವಳ ಸುತ್ತ ಒಂದು ಸುತ್ತು ಬಂದು, "ನೋಡ್ರೋ, ಮದುಮಗಳು," ಎಂದಳು. ಎಲ್ಲರೂ ನಕ್ಕರು. ಮಿನರ್ವಾ ಕೂಡ.

ಮಾರನೆಯ ದಿನ ಹೊಗೆಗೂಡು ಎಲ್ಲಿ ಕಟ್ಟುವುದು ಎಂದು ಚೋಲೆಂಗ್ ಹಗ್ಗ ಹಿಡಿದು ಅಳೆದಳು. ರೊಹೆಲ್ ಹಗ್ಗದ ಇನ್ನೊಂದು ತುದಿ ಹಿಡಿದು ನಿಂತಿದ್ದ, ಅವನ ಕಣ್ಣು ಫೋನಿನ ಮೇಲಿತ್ತು.

ಮಿನರ್ವಾ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ಇಲ್ಲಿಂದ ತೆರೆಯಲ್ಲ ಅದು. ಏನು ನೋಡ್ತಿದ್ದೀಯ?"

"ಆಡ್ತಿಲ್ಲ ಬುನ್ಸೋ. ದಿನ ನೋಡ್ತಿದ್ದೆ." ಅವನು ಇನ್ನೂ ಮೆಲ್ಲಗೆ ಹೇಳಿದ. "ನೀನು ಆಟ ರದ್ದು ಮಾಡ್ದೆ ನೋಡು, ದುಡ್ಡಿನ ಜೊತೆ ಪಟ್ಟೂ ವಾಪಸ್ ಕೊಟ್ರು. ಹನ್ನೆರಡು. ಹಾಗೇ ಇದೆ."

ಅದು ಅವಳ ಲೆಕ್ಕದಲ್ಲಿ ಇರಲಿಲ್ಲ. ಏಳು ತಿಂಗಳು ಪಳಗಿದ ಕಣ್ಣಿಗೆ ಅದೊಂದು ಕಂಡಿರಲಿಲ್ಲ.

"ಇರ್ಲಿ ಬಿಡು, ಅದರ ಪಾಡಿಗೆ ಹೋಗುತ್ತೆ."

"ಒಂದೇ ಆಟ. ಒಂದು ಗೆದ್ದು ಬಂದುಬಿಡ್ತೀನಿ. ಕಾರ್ಖಾನೆಯೋರು ಇನ್ನೊಂದು ವರ್ಷಕ್ಕೆ ಸಹಿ ಹಾಕು ಅಂತಾನೂ ಅಂದಿದ್ದಾರೆ."

ಆಗಸ್ಟ್ ಮೂವತ್ತೊಂದಕ್ಕೆ ಅವನು ಹೊರಟ. ವಿಮಾನ ನಿಲ್ದಾಣದ ಗಾಜಿನ ಆಚೆಯಿಂದ ತಿರುಗಿ, ನಗುತ್ತ, ಎರಡೂ ಕೈ ತೋರಿಸಿದ. ಅಂಗೈ, ಹಿಂಗೈ. ಮಿನರ್ವಾಳ ಕೈ ಏಳಲಿಲ್ಲ. ಆ ಪಟ್ಟು ಕಾಯುವುದು ಇನ್ನು ನೂರ ನಲವತ್ತೇಳು ದಿನ ಎಂದು ಮನಸ್ಸು ಎಣಿಸಿತು.

ಮನೆಗೆ ಬಂದಾಗ ಚೋಲೆಂಗ್ ನೆಲದ ಮೇಲೆ ಪೆಟ್ಟಿಗೆ ತೆರೆದು ಕೂತಿದ್ದಳು. ಪಾಸಿಂಗ್‌ಗೆ ಕೊಡುತ್ತೇನೆ ಎಂದು ತೊಳೆದು ಮಡಿಸಿಟ್ಟಿದ್ದ ಕಪ್ಪು ರವಿಕೆ ತೊಡೆಯ ಮೇಲಿತ್ತು.

"ಅವತ್ತು ಮೀನಿಟ್ಟು ತೋರಿಸಿದ್ಯಲ್ಲ, ಆ ಆಟ," ಎಂದಳು, ತಲೆ ಎತ್ತದೆ. "ನಿನ್ನ ಕುಯಾನ ಬಾಯಲ್ಲೂ ಆ ಗಾಳ ಇದ್ಯಾ?"

ಮಿನರ್ವಾ ಬಾಗಿಲಲ್ಲೇ ನಿಂತಳು.

ಚೋಲೆಂಗ್ ರವಿಕೆಯ ಮಡಿಕೆಯನ್ನು ಅಂಗೈಯಿಂದ ಇನ್ನೊಮ್ಮೆ ಸವರಿ ಪೆಟ್ಟಿಗೆಯ ಮೇಲ್ಗಡೆಯೇ, ಕೈಗೆ ಸಿಗುವ ಹಾಗೆ ಇಟ್ಟಳು.

"ಪಾಸಿಂಗ್‌ಗೆ ಬೇರೆ ಏನಾದ್ರೂ ಕೊಡೋಣ," ಎಂದಳು. "ಕೈ ತೊಳ್ಕೊಂಡು ಬಾ. ಅನ್ನ ಆರುತ್ತೆ."