ಕೋಣ ಕರೆಯುವ ಮಂತ್ರ

ವಿಡಿಯೋ ಗೇಮುಗಳ ಮಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕಾಡುಕೋಣವನ್ನು ಕರೆಸುವ ಮಂತ್ರವೊಂದು ಮಾತ್ರ ‘ಜೀವ ಇಲ್ಲ’ ಅಂತ ಗೇಮ್ ಕಂಪನಿಯಿಂದ ಎರಡು ಸಲ ವಾಪಸ್ ಬಂದಿತ್ತು. ಬೆಳಗಾವಿಯಿಂದ ಲೋಂಡಾಕ್ಕೆ ಹೊರಟ ರೈಲಿನಲ್ಲಿ ಅದನ್ನೇ ಗೊಣಗುತ್ತಿದ್ದೆ: “ಎಲೈ ವನಮಹಿಷವೇ, ನನ್ನ ಆಜ್ಞೆಯಂತೆ ಪ್ರತ್ಯಕ್ಷವಾಗು!”

ಬೆಳಗಾವಿಯ ಟಿಳಕವಾಡಿಯಲ್ಲಿ ಹಾಲು ಹಾಕಿ ಖಾನಾಪುರಕ್ಕೆ ಮರಳುತ್ತಿದ್ದ ಅಜ್ಜಿಯೊಬ್ಬರು ಎದುರು ಕೂತಿದ್ದರು. “ಯಾರಿಗೆ ಬೈಯಾಕತ್ತಿ, ತಮ್ಮಾ?”

“ಬೈಯಾಕತ್ತಿಲ್ಲ ಆಯಿ, ಕೋಣ ಕರ್ಯಾಕತ್ತೀನ್ರಿ. ಆಟದಾಗ ಅದು ಬಂದು ನಮ್ಮ ಪರವಾಗಿ ಗುದ್ದಾಡತೈತಿ, ಆಮ್ಯಾಲ ಮಾಯ ಆಗತೈತಿ.”

“ಕೈಯಾಗ ಉಪ್ಪು ಐತೇನು?”

“ಇಲ್ಲರಿ.”

“ಮತ್ತ ಅದು ಯಾಕ ಬರಬೇಕು? ‘ಬಾರವ್ವಾ, ಉಪ್ಪು ತಂದೀನಿ’ ಅಂದ್ರ ನಮ್ಮ ಎಮ್ಮಿ ಗುಡ್ಡ ಇಳದು ಬರ್ತಾವು. ಖಾಲಿ ಕೈಲೆ ಸುಳ್ಳ ಕರದ್ರ ಮುಂದಿನ ಸಲ ತಿರುಗಿನೂ ನೋಡಂಗಿಲ್ಲ.”

ಇಳಿಯುವ ಮೊದಲೇ ‘ಬಾರಪ್ಪಾ, ಉಪ್ಪು ತಂದೀನಿ’ ಎಂದು ಬರೆದು ಕಳಿಸಿದೆ. ಕಂಪನಿಯವರು ಮೆಚ್ಚಿ ಒಪ್ಪಿದರು. ಕೋಣಕ್ಕೆ ಕೊಡಲು ಒಂದು ಹಿಡಿ ಉಪ್ಪನ್ನೂ ಸೇರಿಸಿ ಎಂದು ನಾನು ಕೇಳಿದ್ದಕ್ಕೆ ಮಾತ್ರ ‘ಆಟದಲ್ಲಿ ಉಪ್ಪಿಲ್ಲ’ ಎಂದು ಉತ್ತರ ಬಂತು.

ಈಗ ಆಡುವವರೆಲ್ಲ ನನ್ನ ಮಾತಿನಲ್ಲೇ ಸುಳ್ಳು ಹೇಳಿ ಕರೆಯುತ್ತಾರೆ. ಪಾಪ, ಕೋಣ ಪ್ರತಿ ಸಲ ಓಡಿ ಬರುತ್ತದೆ. ಒಂದು ದಿನ ಅದು ಬರದೇ ಹೋದರೆ, ಕಂಪನಿಯವರು ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.