ಸಾದಾ ದಳ ಮೂರು

ಇತಿಹಾಸ ಬರೆಯುವವನಿಗೆ ಸತ್ಯನಿಷ್ಠೆ, ನಿಷ್ಪಕ್ಷಪಾತ ದೃಷ್ಟಿ ಮತ್ತು ಅಪಾರ ತಾಳ್ಮೆ ಇರಬೇಕೆಂದು ತಿಳಿದವರು ಹೇಳುತ್ತಾರೆ. ನನ್ನ ಹತ್ತಿರ ಇದ್ದದ್ದು ಒಂದು ಛಾಪಿಸಿದ ನಮೂನೆ, ಅದರ ಏಳನೆಯ ಕಾಲಮ್ಮಿನಲ್ಲಿ ನಾಲ್ಕು ಬೆರಳಗಲ ಜಾಗ.

ಆಗ ನಾನು ಧಾರವಾಡ ಜಿಲ್ಲೆಯ ಒಂದು ಗ್ರಾಮೀಣ ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್, ಕೆಲಸದಲ್ಲಿ ರೈಟರ್. ರೈಟರ್ ಎಂದರೆ ಸಾಹಿತಿಯಲ್ಲ. ಠಾಣೆಯ ಕಾಗದಪತ್ರವನ್ನೆಲ್ಲ ಬರೆದಿಡುವವನು. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ತಿರ್ಲಾಪುರದ ಶಬಾನಾ ನದಾಫ ಎಂಬ ಹೆಣ್ಣುಮಗಳು ಸರ್ಕಾರಿ ಹೈಸ್ಕೂಲಿನ ಶಿಕ್ಷಕಿಯಾಗಿ ಆಯ್ಕೆಯಾಗಿದ್ದಳು. ಆಕೆಯ ನಡತೆ, ಪೂರ್ವಾಪರ ವಿಚಾರಿಸಿ ವರದಿ ಕಳಿಸುವ ಕೆಲಸ, ಅಂದರೆ ವೆರಿಫಿಕೇಶನ್, ನನ್ನ ಟೇಬಲ್ಲಿಗೆ ಬಂತು. ಚೊಕ್ಕ ವರದಿ ತಿಂಗಳ ಕೊನೆಯೊಳಗೆ ಮುಟ್ಟಿದರೆ ಆಕೆಗೆ ನೌಕರಿ. ಮುಟ್ಟದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ.

ಏಳನೆಯ ಕಾಲಮ್ಮು ಕೇಳುವುದು ರಾಜಕೀಯ ಸಂಘಟನೆಯ ಸದಸ್ಯತ್ವ. ಕಾಲೇಜಿನ ದಿನಗಳಲ್ಲಿ ತಾಲ್ಲೂಕಿನ ಮುಸ್ಲಿಂ ವಿದ್ಯಾರ್ಥಿ ಸಂಘಟನೆಯೊಂದರ ಕಾರ್ಯದರ್ಶಿಯಾಗಿದ್ದೆ ಎಂದು ಶಬಾನಾ ಮುಚ್ಚಿಡದೆ ಬರೆದಿದ್ದಳು. ಮೇಲಿನ ಕಚೇರಿಯಿಂದ ಆದೇಶ ಬಂತು: ಸದರಿ ಸಂಘಟನೆಯ ಇತಿಹಾಸ ಬರೆದು ಕಳಿಸುವುದು. ಹೀಗೆ ನಾನು ಇತಿಹಾಸಕಾರನಾದೆ.

ಸಂಘಟನೆ ಕಟ್ಟಿದ ಖಾಜಾಸಾಬರು ಟೇಲರ್. ನನ್ನನ್ನು ಕಂಡು ಮಷೀನು ನಿಲ್ಲಿಸಿದರು. ವಿಷಯ ಹೇಳಿದೆ.

“ನಮ್ಮ ಸಂಘದ ಹಿಸ್ಟರಿ ಇಲ್ಲೀತನಾ ಯಾರೂ ಕೇಳಿದ್ದಿಲ್ರಿ ಸಾಹೇಬ್ರ. ಮೊದಲ ಚಾ ಕುಡೀರಿ,” ಎಂದರು. “ಆಗ ಕಾಲೇಜಿನ್ಯಾಗ ಇಲೆಕ್ಷನ್ ಇರತಿದ್ವು. ನಮ್ಮವರ ಇಬ್ರು ಎದುರಾಎದುರ ನಿಂತ್ರು. ಇಬ್ರೂ ಬಿದ್ರು. ಮುಂದ ಒಂದ್ ವರ್ಷ ನಮ್ಮ ನಮ್ಮೊಳಗ ಮಾತಿಲ್ಲ.”

ಮಾತು ಮರಳಿ ಶುರುವಾದ ಮೇಲೆ ತಿರ್ಲಾಪುರಕ್ಕೆ ಮುಂಜಾನೆಯ ಬಸ್ಸು ಬೇಕೆಂದು ರಸ್ತೆ ತಡೆದರು, ಬಸ್ಸು ಬಂತು. ಹಾಸ್ಟೆಲ್ ಬೇಕೆಂದು ತಹಸೀಲ್ದಾರರಿಗೆ ಮನವಿ ಕೊಟ್ಟರು, ಹಾಸ್ಟೆಲ್ ಬರಲಿಲ್ಲ. ಯಾವ ಪಕ್ಷಕ್ಕೆ ಬೆಂಬಲ ಕೊಡಬೇಕೆಂಬ ಮಹತ್ವದ ಪ್ರಶ್ನೆಯ ಮೇಲೆ ಎರಡು ಬಣವಾದರು. ಎರಡೂ ಬಣ ಕೂಡಿ ಹನ್ನೊಂದು ಮಂದಿ. ಅವರ ನಂತರ ಬಂದ ಹುಡುಗ ಹುಡುಗಿಯರು ಅದನ್ನು ಮತ್ತೆ ಒಂದುಗೂಡಿಸಿ ಕೆಲವು ವರ್ಷ ನಡೆಸಿದರು. ಆಮೇಲೆ ಒಬ್ಬೊಬ್ಬರದೇ ಲಗ್ನವಾಗಿ ಸಂಘಟನೆ ತಾನಾಗಿ ನಿಂತಿತು. ಖಾಜಾಸಾಬರು ಠರಾವು ಪುಸ್ತಕವನ್ನು ಹೊಸ ಅಸ್ತರಿನ ತುಂಡಿನಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟರು. ಕೊನೆಯ ವರ್ಷಗಳ ಠರಾವುಗಳೆಲ್ಲ ಉರ್ದುವಿನಲ್ಲಿ, ಶಬಾನಾಳ ಕೈಬರಹದಲ್ಲಿ.

ಉರ್ದು ನನಗೆ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಪುಸ್ತಕ ಮೇಲಿನ ಕಚೇರಿಗೆ ಹೋಗಿ ವಾರದಲ್ಲಿ ಕನ್ನಡವಾಗಿ ಬಂತು. ಅದರಲ್ಲೊಂದು ಠರಾವು: “ಪರೀಕ್ಷೆಗೆ ಮುನ್ನ ಅಣ್ಣಿಗೇರಿಗೆ ಸಾಲುಬದ್ಧ ದಳ ಐದು, ತಿರ್ಲಾಪುರಕ್ಕೆ ಸಾದಾ ದಳ ಮೂರು ಕಳಿಸತಕ್ಕದ್ದು.”

ಮೂವತ್ತೆರಡು ವರ್ಷ ಖಾಕಿ ತೊಟ್ಟವನಿಗೆ ದಳವೆಂದರೆ ಒಂದೇ ಅರ್ಥ. ಸಾದಾ ದಳ ಏನೆಂದು ಮೇಲಿನವರಿಗೆ ಹೊಳೆಯದೇ ಹೋದೀತೆಂಬ ಕಾಳಜಿಯಿಂದ ವರದಿಯಲ್ಲಿ ನನ್ನದೊಂದು ವಾಕ್ಯ ಸೇರಿಸಿದೆ: “ಸಾದಾ ದಳವೆಂದರೆ ಸಮವಸ್ತ್ರವಿಲ್ಲದೆ ಓಡಾಡುವವರೆಂದು ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಿದೆ.” ಸ್ಥಳೀಯ ವಿಚಾರಣೆ ನಡೆದದ್ದು ನನ್ನ ಕುರ್ಚಿಯಲ್ಲಿ.

ನೇಮಕಾತಿ ತಡೆದರು. ಹೇಳಿಕೆ ಕೊಡಲು ಶಬಾನಾಳನ್ನು ಕರೆಸಲಾಯಿತು. ಠರಾವನ್ನೂ ಅದರ ಕೆಳಗಿನ ನನ್ನ ವಾಕ್ಯವನ್ನೂ ಓದಿ ಹೇಳಿದೆ.

“ಯಾವ ದಳಾರೀ ಸರ್?” ಎಂದವಳು ಇನ್ನೊಮ್ಮೆ ಓದಿಸಿ, ನಕ್ಕೇಬಿಟ್ಟಳು. “ದಸ್ತಾರಿ ಅದು! ಹಾಳಿ ದಸ್ತಾ. ಪರೀಕ್ಷಾಕ್ಕ ಓದೂ ಹುಡುಗರಿಗೆ ಹಂಚತಿದ್ವಿ. ಗೆರಿ ಹೊಡದದ್ದು ಐದು, ಸಾದಾ ಮೂರು. ನಿಮ್ಮ ಟೇಬಲ್ ಮ್ಯಾಲ ಐತಲ್ರಿ, ಅದ!”

ಇತ್ತು. ಇಪ್ಪತ್ನಾಲ್ಕು ಹಾಳೆಯ ಕಟ್ಟು. “ಎರಡ ದಸ್ತಾ ಕೊಡ್ರಿ, ಸಾದಾದ್ದು” ಎಂದು ಅಂದು ಬೆಳಿಗ್ಗೆ ಅಂಗಡಿಯಲ್ಲಿ ನಾನೇ ಕೇಳಿ ತಂದದ್ದು. ಆ ಶಬ್ದಕ್ಕೆ ಉರ್ದುವಿನಲ್ಲಿ ಪಡೆ ಎಂಬ ಅರ್ಥವೂ ಇದೆಯಂತೆ. ಅನುವಾದಕರಿಗೆ ಅದಷ್ಟೇ ಗೊತ್ತಿತ್ತು.

“ಸಮವಸ್ತ್ರ ಇಲ್ಲದವರು ಅಂತ ನಿಮಗ ಯಾರ ಹೇಳಿದ್ರಿ?” ಆಕೆಯ ನಗು ನಿಂತಿತ್ತು.

“ವಿಚಾರಣಿಯೊಳಗ ಬಂತವಾ.”

“ಯಾರನ್ನ ವಿಚಾರಿಸಿದ್ರಿ?”

ನಾನು ದಸ್ತಾದ ಅಂಚು ಸರಿಮಾಡಿದೆ.

ಅನುವಾದದ ತಪ್ಪನ್ನು ಅಂದೇ ವರದಿ ಮಾಡಿದೆ, ಮರುದಿನವೇ ಒಪ್ಪಿಕೊಂಡರು. ಒಪ್ಪಿ, ಕೇಳಿದರು: ಹಾಗಾದರೆ ಸ್ಥಳೀಯ ವಿಚಾರಣೆಯಲ್ಲಿ ತಿಳಿದುಬಂದ, ಸಮವಸ್ತ್ರವಿಲ್ಲದ ವ್ಯಕ್ತಿಗಳ ಹೆಸರು ವಿಳಾಸ ಕಳಿಸುವುದು.

ನಮ್ಮ ಪಿಎಸ್‌ಐ ಸಾಹೇಬರು ವಯಸ್ಸಿನಲ್ಲಿ ನನ್ನ ಮಗನಷ್ಟು. “ರೈಟರ್ರ, ಅದು ನಿಮ್ಮ ಊಹಾ ಅಂತ ಬರದ್ರ ನಿಮಗ ನೋಟಿಸ್ ಬರತೈತಿ. ನಿವೃತ್ತಿ ಕಾಗದ ಹೊಂಟಾವ. ನೋಡ್ರಿ, ವಿಚಾರ ಮಾಡ್ರಿ,” ಎಂದರು.

ವಿಚಾರ ಮಾಡಿದೆ. ದಿನಾ ಬೆಳಿಗ್ಗೆ ಒಂದು ಹಾಳೆ ತೆಗೆದು, ಮೇಲೆ ತಾರೀಖು ಬರೆದು, ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಗಾದಿ ಹೊಲಿಯುವ ಶಬಾನಾಳ ಅಪ್ಪ ಎರಡು ಸಲ ಬಂದು ಬಾಗಿಲಲ್ಲಿ ನಿಂತ. ಮೈಮೇಲೆ ಅರಳೆಯ ಎಳೆಗಳು ಹಾಗೇ ಇದ್ದವು. “ಆತೇನ್ರಿ?” ಎಂದ. “ಹೊಂಟೈತಿ,” ಎಂದೆ. ಎರಡೂ ಸಲ ನನಗೇನೂ ಅನಿಸಲಿಲ್ಲ. ಏನಾದರೂ ಅನಿಸಬೇಕಿತ್ತಲ್ಲ ಎಂದಷ್ಟೇ ಅನಿಸಿ, ಊಟಕ್ಕೆ ಹೋದೆ.

ಹತ್ತನೆಯ ದಿನ ಬರೆದೆ: “ಸ್ಥಳೀಯ ವಿಚಾರಣೆ ನಡೆದಿಲ್ಲ. ಅದು ನನ್ನ ಊಹೆ.” ಬರೆಯಲು ಅರ್ಧ ನಿಮಿಷ ಹಿಡಿಯಿತು. ನೋಟಿಸು ಬಂತು, ಉತ್ತರ ಕೊಟ್ಟೆ, ಎಚ್ಚರಿಕೆ ಕೊಟ್ಟು ಬಿಟ್ಟರು. ಬೀಳ್ಕೊಡುವ ದಿನ ಶಾಲು ಹೊದಿಸಿ, ಇವರ ಬರವಣಿಗೆ ಮುತ್ತಿನಂತೆ ಎಂದು ಭಾಷಣ ಮಾಡಿದರು. ಅಕ್ಷರದ ಮಟ್ಟಿಗೆ ಅದು ನಿಜ.

ನೌಕರಿ ನನಗೆ ಕಲಿಸಿದ್ದು ಇಷ್ಟೇ: ಇನ್ನೊಬ್ಬರ ತಪ್ಪು ತಿದ್ದಲು ಒಂದು ದಿನ ಸಾಕಾಯಿತು, ನನ್ನದಕ್ಕೆ ಹತ್ತು ಬೇಕಾದವು. ಆ ಹತ್ತು ದಿನ ಇನ್ನೊಬ್ಬರವು.

ನನ್ನ ಪತ್ರ ಮುಟ್ಟಿದ್ದು ಮುಂದಿನ ತಿಂಗಳ ಎರಡನೆಯ ತಾರೀಖು. ಪಟ್ಟಿಯ ಮುಂದಿನ ಹೆಸರಿನವರು ಒಂದನೆಯ ತಾರೀಖು ಶಾಲೆಗೆ ಹಾಜರಾಗಿದ್ದರು.